'ಸ್ಟೆಡ್‌ಫಾಸ್ಟ್' ಎಂಬ ಪದ ನನಗೆ ಒಲಿದ ಬಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಕೆಲಸದಲ್ಲಿ ನನ್ನನ್ನು ಬಹಳ ಕಾಲ ಕಾಡಿದ ಗುಣವಾಚಕವೆಂದರೆ 'ಸ್ಟೆಡ್‌ಫಾಸ್ಟ್'. ನಿಘಂಟು ತೆರೆದರೆ ಅಚಲ, ದೃಢ, ಸ್ಥಿರ, ನಿಶ್ಚಲ ಎಂಬ ಅರ್ಥಗಳು ಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಯಾವುದೂ ತಪ್ಪಲ್ಲವಾದರೂ, ಒಂದನ್ನು ಎತ್ತಿಕೊಂಡು ವಾಕ್ಯದಲ್ಲಿ ಇರಿಸಿದಾಗಲೆಲ್ಲ ಮೂಲದ ಜೀವ ಎಲ್ಲೋ ಸೋರಿಹೋಗುತ್ತಿತ್ತು.

ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡ ಮಗಳೊಬ್ಬಳ ಕುರಿತ ಬರಹವನ್ನು ಅನುವಾದಿಸುವಾಗ ಈ ಕೊರತೆ ನನಗೆ ಸ್ಪಷ್ಟವಾಯಿತು. ಆರೈಕೆಯಲ್ಲಿ ಆಕೆ ಸ್ಟೆಡ್‌ಫಾಸ್ಟ್ ಆಗಿದ್ದಳು ಎಂಬ ಮಾತನ್ನು ನಾನು 'ಅವಳ ಆರೈಕೆ ಅಚಲವಾಗಿತ್ತು' ಎಂದು ಬರೆದಿದ್ದೆ. ಕರಡನ್ನು ಮತ್ತೆ ಓದಿದಾಗ ಆ ವಾಕ್ಯ ಕಲ್ಲಿನಂತೆ ತಣ್ಣಗಿತ್ತು. ಅಚಲ ಎಂಬುದಕ್ಕೆ ಬೆಟ್ಟವೆಂಬ ಅರ್ಥವೂ ಉಂಟು. ಬೆಟ್ಟ ಕದಲುವ ಪ್ರಶ್ನೆಯೇ ಏಳುವುದಿಲ್ಲ. ಆ ಮಗಳಾದರೋ ಯಾವ ದಿನ ಬೇಕಾದರೂ ಸೋತು ಕೈಚೆಲ್ಲಬಹುದಿತ್ತು, ಆದರೆ ಚೆಲ್ಲಲಿಲ್ಲ. ಮೂಲಪದ ಹೇಳುತ್ತಿದ್ದುದು ಇದನ್ನೇ. ಕೊನೆಗೆ ನಾನು 'ಎಷ್ಟೇ ದಣಿದರೂ ಅವಳು ತಾಯಿಯ ಆರೈಕೆಯನ್ನು ಒಂದು ದಿನವೂ ಕೈಬಿಡಲಿಲ್ಲ' ಎಂದು ತಿದ್ದಿದೆ. ಅವಳ ದಣಿವಿನ ವಿವರ ಮೂಲದಲ್ಲಿ ಅದೇ ಪ್ಯಾರಾದಲ್ಲಿ ಇದ್ದುದರಿಂದ, ನಾನು ಹೊಸದೇನನ್ನೂ ಸೇರಿಸಿದಂತಾಗಲಿಲ್ಲ; ಗುಣವಾಚಕದ ಭಾರವನ್ನು ಕ್ರಿಯಾಪದದ ಹೆಗಲಿಗೆ ದಾಟಿಸಿದೆ, ಅಷ್ಟೆ.

ಆಮೇಲೆ ಪದದ ಮೂಲವನ್ನು ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ 'ಸ್ಟೆಡೆ' ಎಂದರೆ ಜಾಗ, ನೆಲೆ. 'ಹೋಮ್‌ಸ್ಟೆಡ್' ಮತ್ತು 'ಇನ್‌ಸ್ಟೆಡ್' ಪದಗಳಲ್ಲಿ ಇಂದಿಗೂ ಉಳಿದಿರುವುದು ಅದೇ. ನಮ್ಮ 'ಸ್ಥಾನ', 'ಸ್ಥಿರ' ಪದಗಳ ಹಿಂದಿರುವ 'ಸ್ಥಾ' ಧಾತುವಿಗೂ ಅದಕ್ಕೂ, ಸಂಸ್ಕೃತ ಮತ್ತು ಇಂಗ್ಲಿಷ್ ಎರಡೂ ಸೇರಿದ ಇಂಡೋ-ಯುರೋಪಿಯನ್ ಭಾಷಾಕುಟುಂಬದ ಮೂಲ ಒಂದೇ. ಇಲ್ಲಿನ 'ಫಾಸ್ಟ್' ಪದಕ್ಕೆ ವೇಗದ ಅರ್ಥವಿಲ್ಲ, ಅದು ಗಟ್ಟಿಯಾಗಿ ಕಚ್ಚಿಕೊಂಡಿರುವುದನ್ನು ಸೂಚಿಸುತ್ತದೆ. ಎಷ್ಟು ಒಗೆದರೂ ಬಿಡದ ಬಣ್ಣವನ್ನು 'ಫಾಸ್ಟ್ ಕಲರ್' ಎನ್ನುವುದು ಈ ಅರ್ಥದಲ್ಲಿಯೇ. ಹಾಗಾದರೆ 'ಸ್ಟೆಡ್‌ಫಾಸ್ಟ್' ಎಂದರೆ ಅಕ್ಷರಶಃ ನೆಲೆಯಲ್ಲಿ ಗಟ್ಟಿಯಾಗಿ ನಿಂತದ್ದು, ನೆಲೆ ತಪ್ಪದ್ದು. ಇದು ತಿಳಿದಂದಿನಿಂದ ಈ ಪದ ಎದುರಾದಾಗ ನಾನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಇಲ್ಲಿ ನಿಂತಿರುವುದು ಏನು, ಅದನ್ನು ಎಳೆಯುತ್ತಿರುವುದು ಏನು? ಬೆಂಬಲವಾದರೆ 'ಕೊನೆಯವರೆಗೂ ಜೊತೆಗೆ ನಿಂತರು' ಎಂದೂ, ನಿರಾಕರಣೆಯಾದರೆ 'ಎಷ್ಟು ಒತ್ತಾಯಿಸಿದರೂ ಜಗ್ಗಲಿಲ್ಲ' ಎಂದೂ, ನಂಬಿಕೆಯಾದರೆ 'ಕದಲದ ನಂಬಿಕೆ' ಎಂದೂ ಬರೆಯುತ್ತೇನೆ.

ಇದರ ನೆರೆಹೊರೆಯ ಪದಗಳನ್ನೂ ಬೇರ್ಪಡಿಸಿ ನೋಡಬೇಕು. 'ಅಡಮಂಟ್' ಪದದ ಬೇರು ಮುರಿಯಲಾಗದ ಕಠಿಣ ವಸ್ತುವನ್ನು ಸೂಚಿಸುವ ಗ್ರೀಕ್ ಪದದಲ್ಲಿದೆ. ಅದು ಪಟ್ಟು ಸಡಿಲಿಸದವನ ಮಾತು. 'ರೆಸಲ್ಯೂಟ್' ಎಂಬುದು ಸಂಕಲ್ಪಕ್ಕೆ ಹತ್ತಿರವಾದುದು. 'ಸ್ಟಬರ್ನ್' ಎಂದರೆ ಹಠಮಾರಿ, ಅದರಲ್ಲಿ ಆಕ್ಷೇಪ ಬೆರೆತಿರುತ್ತದೆ. 'ಸ್ಟೆಡ್‌ಫಾಸ್ಟ್' ಪದದಲ್ಲಿ ಸಾಮಾನ್ಯವಾಗಿ ಇರುವುದು ಮೆಚ್ಚುಗೆ. ಆದ್ದರಿಂದ ಅದನ್ನು ಹಠವೆಂದು ಅನುವಾದಿಸುವುದು ಆ ವ್ಯಕ್ತಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಇಂಗ್ಲಿಷಿನಲ್ಲಿ ಬರೆಯುವಾಗಲೂ ನಾನು ಎಚ್ಚರ ವಹಿಸುತ್ತೇನೆ. ಅಲುಗಾಡದ ಮೇಜಿಗೆ 'ಸ್ಟೆಡಿ' ಎನ್ನಬೇಕೇ ಹೊರತು 'ಸ್ಟೆಡ್‌ಫಾಸ್ಟ್' ಎನ್ನುವಂತಿಲ್ಲ. ಒಂದು ಗಳಿಗೆಯಲ್ಲಿ ತೆಗೆದುಕೊಂಡ ತೀರ್ಮಾನಕ್ಕೂ ಈ ಪದ ಹೊಂದುವುದಿಲ್ಲ, ಏಕೆಂದರೆ ಇದಕ್ಕೆ ಕಾಲದ ಹರವು ಬೇಕು. ಯಾವುದರಲ್ಲಿ ಎಂದು ಹೇಳಬೇಕಾದಾಗ ಇದರ ನಂತರ 'ಇನ್' ಬರುತ್ತದೆ. ಉಚ್ಚಾರಣೆಯಲ್ಲಿ ಮೊದಲ ಭಾಗ 'ಬ್ರೆಡ್' ಪದದಂತೆ ಹ್ರಸ್ವ, 'ಸ್ಟೀಡ್' ಎಂದು ಎಳೆಯಬಾರದು.

ಈಚೆಗೆ 'ಸ್ಟೆಡ್‌ಫಾಸ್ಟ್ ಗೇಜ್' (gaze, ನೋಟ) ಎಂಬ ಪ್ರಯೋಗ ಎದುರಾಯಿತು. 'ಸ್ಥಿರ ದೃಷ್ಟಿ' ಎಂದು ಬರೆದು ಹೊಡೆದುಹಾಕಿದೆ. 'ಎವೆಯಿಕ್ಕದ ನೋಟ' ಎಂದರೆ ಅದರಲ್ಲಿ ಬೆರಗಿನ ಛಾಯೆ ಬರುತ್ತಿತ್ತು. 'ನೆಟ್ಟ ನೋಟ' ಎಂದು ಬರೆದಾಗ ಮನಸ್ಸು ಒಪ್ಪಿತು. ಸಸಿಯನ್ನು ನೆಡುವಂತೆ ನೋಟವನ್ನೂ ನೆಡುವ ನಮ್ಮ ಮಾತಿನಲ್ಲಿ, ಹಳೆಯ ಇಂಗ್ಲಿಷಿನ ಆ ನೆಲೆಯೂ ಗಟ್ಟಿತನವೂ ಒಟ್ಟಿಗೇ ಇದ್ದವು.