ಅಡಿಟಿಪ್ಪಣಿಗೆ ನಂಬರ್ ಬೇಡ, ಹೆಸರು ಕೊಡಿ: ಬೀದರ್ ಪುಸ್ತಿಕೆ ಬರೆದ ಅನುಭವ

ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಯಾವ ವರ್ಷ ತಂದ? ಒಂದು ಪುಸ್ತಕ 1424 ಅನ್ನುತ್ತದೆ, ಇನ್ನೊಂದು 1429 ಅನ್ನುತ್ತದೆ. ನಡುವಿನ ವರ್ಷ ಹೇಳುವವರೂ ಇದ್ದಾರೆ. ಬೀದರ್‌ನ ಸ್ಮಾರಕಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಪುಸ್ತಿಕೆ ಬರೆಯಲು ಕೂತಾಗ ನನಗೆ ಮೊದಲು ಎದುರಾದದ್ದೇ ಇದು. ಯಾವುದೋ ಒಂದು ವರ್ಷ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಮಕ್ಕಳು ಓದುವ ಪುಸ್ತಕ ಅಂದಮೇಲೆ ಒಂದು ಮಾತು ಎಲ್ಲಿಂದ ಬಂತು, ಅದರ ಬಗ್ಗೆ ಎಷ್ಟು ಅಭಿಪ್ರಾಯ ಇವೆ ಅಂತ ಹೇಳಲೇಬೇಕು ಅನ್ನುವುದು ನನ್ನ ಹಠ. ಹಾಗಂತ ಪ್ರತಿ ಸಾಲಿನಲ್ಲೂ ವಾದ ಬಿಚ್ಚಿಟ್ಟರೆ ಎಂಟನೇ ಕ್ಲಾಸಿನ ಹುಡುಗಿ ಎರಡನೇ ಪುಟ ತಿರುವುವುದಿಲ್ಲ. ಅಡಿಟಿಪ್ಪಣಿ ಇರುವುದೇ ಇದಕ್ಕೆ, ಅಲ್ವಾ?

ಪುಸ್ತಿಕೆಯನ್ನು ಪೂರ್ತಿ ಮಾರ್ಕ್‌ಡೌನ್‌ನಲ್ಲಿ ಬರೆದೆ. ಅದು ಸಾದಾ ಅಕ್ಷರಗಳ ಫೈಲು. ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ, ಬಸ್ಸಿನಲ್ಲಿ ಕೂತು ಫೋನಿನಲ್ಲೂ ತಿದ್ದಬಹುದು. ಶೀರ್ಷಿಕೆಗೆ ಒಂದು ಹ್ಯಾಶ್, ದಪ್ಪ ಅಕ್ಷರಕ್ಕೆ ಆಚೆ ಈಚೆ ಎರಡೆರಡು ನಕ್ಷತ್ರ, ಅಷ್ಟೇ. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದಾಗ ಅಡಿಟಿಪ್ಪಣಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಆಮೇಲೆ ಮಲ್ಟಿಮಾರ್ಕ್‌ಡೌನ್, ಪಿಎಚ್‌ಪಿ ಮಾರ್ಕ್‌ಡೌನ್ ಎಕ್ಸ್‌ಟ್ರಾ, ಪ್ಯಾಂಡಾಕ್ ಮೊದಲಾದ ಸಾಧನಗಳು ಅದನ್ನು ಸೇರಿಸಿಕೊಂಡವು. ಪ್ರೋಗ್ರಾಮರ್‌ಗಳು ಫೈಲು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಅದು ಬಂದದ್ದು 2021ರಲ್ಲಿ. ಕಾಮನ್‌ಮಾರ್ಕ್ ಎಂಬ ಮಾರ್ಕ್‌ಡೌನ್ ನಿಯಮಾವಳಿಯಲ್ಲಿ ಅದು ಇಲ್ಲ. ಹಾಗಾಗಿ ನೀವು ಬಳಸುವ ಸಾಧನಕ್ಕೆ ಅಡಿಟಿಪ್ಪಣಿ ತಿಳಿಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನಾನು ಬಳಸಿದ್ದು ಪ್ಯಾಂಡಾಕ್, ಮಾರ್ಕ್‌ಡೌನ್ ಫೈಲನ್ನು ವರ್ಡ್, ಪಿಡಿಎಫ್, ವೆಬ್ ಪುಟವಾಗಿ ಮಾಡಿಕೊಡುವ ಸಾಧನ. ಅದನ್ನು ಬರೆದ ಜಾನ್ ಮ್ಯಾಕ್‌ಫರ್ಲೇನ್ ತತ್ವಶಾಸ್ತ್ರದ ಪ್ರಾಧ್ಯಾಪಕರು. ಟಿಪ್ಪಣಿ ಇಲ್ಲದೆ ಬರೆಯಲಾಗದವರ ಕಷ್ಟ ಬಲ್ಲವರು ಮಾಡಿದ ಸಾಧನ ಅಂತ ಬಳಸುವಾಗ ಗೊತ್ತಾಗುತ್ತದೆ.

ನನ್ನ ಫೈಲಿನ ಒಂದು ತುಂಡು ಇಲ್ಲಿದೆ:

ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಒಂದು ಭಾಗ ಔರಂಗಜೇಬನ ಕಾಲದಲ್ಲಿ ಸಿಡಿದು ಹಾಳಾಯಿತು.[^ಮದರಸಾ-ಸ್ಫೋಟ]

[^ಮದರಸಾ-ಸ್ಫೋಟ]: ಒಳಗೆ ಸಿಡಿಮದ್ದು ಇಟ್ಟಿದ್ದರು. ಸಿಡಿಲು ಬಡಿದು ಅದು ಹೊತ್ತಿಕೊಂಡಿತು ಎಂದು ಕೆಲವರು ಬರೆಯುತ್ತಾರೆ. ಒಬ್ಬರು 1695 ಎಂದರೆ ಇನ್ನೊಬ್ಬರು 1696 ಎನ್ನುತ್ತಾರೆ.

ಚೌಕ ಕಂಸ, ಒಳಗೆ ಟೋಪಿಯಂಥ ಗುರುತು, ಆಮೇಲೆ ಹೆಸರು. ಕೆಳಗೆ ಅದೇ ಹೆಸರು, ಕೋಲನ್, ಟಿಪ್ಪಣಿ. ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಅಡ್ಡಗೆರೆ ಹಾಕಬಹುದು. ಜಾಸ್ತಿ ಜನ ಹೆಸರಿನ ಜಾಗದಲ್ಲಿ 1, 2, 3 ಅಂತ ಹಾಕುತ್ತಾರೆ. ನನ್ನ ಕೇಳಿದರೆ ಅದು ಬೇಡವೇ ಬೇಡ. ಅಚ್ಚಿನಲ್ಲಿ ಬರುವ ನಂಬರನ್ನು ಪ್ಯಾಂಡಾಕ್ ತಾನೇ ಓದುವ ಕ್ರಮದಲ್ಲಿ ಹಾಕುತ್ತದೆ. ನೀವು 7 ಅಂತ ಬರೆದದ್ದು ಪುಟದಲ್ಲಿ 3 ಆಗಿ ಬಂದರೆ ಫೈಲು ಓದುವವರಿಗೆ ಗೊಂದಲ. ಹೆಸರಿದ್ದರೆ ಟಿಪ್ಪಣಿ ಯಾವುದರ ಬಗ್ಗೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಅಧ್ಯಾಯವನ್ನು ನಾನು ಮದರಸಾಕ್ಕಿಂತ ಮುಂದೆ ತಂದಾಗ ನಂಬರೆಲ್ಲ ತಾವೇ ಬದಲಾದವು. ನಾನು ಒಂದನ್ನೂ ಮುಟ್ಟಲಿಲ್ಲ.

ಟಿಪ್ಪಣಿಯನ್ನು ಫೈಲಿನಲ್ಲಿ ಎಲ್ಲಿ ಇಡಬೇಕು? ಎಲ್ಲಿಟ್ಟರೂ ನಡೆಯುತ್ತದೆ, ಪಟ್ಟಿ ಅಥವಾ ಉದ್ಧರಣೆಯ ಹೊಟ್ಟೆಯೊಳಗೆ ಇಡಬಾರದು ಅಷ್ಟೇ. ತುಂಬಾ ಜನ ಎಲ್ಲವನ್ನೂ ಕೊನೆಗೆ ಗುಡ್ಡೆ ಹಾಕುತ್ತಾರೆ. ನಾನು ಆಯಾ ಪ್ಯಾರಾದ ಕೆಳಗೇ ಇಡುತ್ತೇನೆ. ಪ್ಯಾರಾ ತೆಗೆದರೆ ಟಿಪ್ಪಣಿಯೂ ಅದರ ಜೊತೆ ಹೋಗುತ್ತದೆ, ಸರಿಸಿದರೆ ಜೊತೆಗೇ ಸರಿಯುತ್ತದೆ. ಮಾತು ಮತ್ತು ಅದರ ಆಧಾರ ಒಂದೇ ಕಡೆ ಕಣ್ಣಿಗೆ ಬೀಳುತ್ತವೆ. ಪುಸ್ತಿಕೆ ತಿದ್ದುವಾಗ ನನಗೆ ಇದರಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಇನ್ನೊಂದು ದಾರಿಯೂ ಇದೆ. ಪ್ಯಾಂಡಾಕ್‌ನಲ್ಲಿ ಟೋಪಿ ಗುರುತನ್ನು ಕಂಸದ ಹೊರಗಿಟ್ಟು, ^[ಹೀಗೆ] ಸಾಲಿನೊಳಗೇ ಟಿಪ್ಪಣಿ ಬರೆಯಬಹುದು. ಮಾರ್ಕ್‌ಡೌನ್‌ನಂಥದ್ದೇ ಇನ್ನೊಂದು ಬರಹದ ರೀತಿಯಾದ ಆಸ್ಕಿಡಾಕ್‌ನಲ್ಲಂತೂ ಟಿಪ್ಪಣಿಯನ್ನು ಬರೆಯುವುದೇ ಸಾಲಿನೊಳಗೆ. ಚಿಕ್ಕ ಮಾತಿಗೆ ಇದು ಅಡ್ಡಿಯಿಲ್ಲ. ಆದರೆ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಡುವೆ ಎರಡು ಸಾಲಿನ ಟಿಪ್ಪಣಿ ತುರುಕಿದರೆ ಯಾರು ಏನು ಮಾಡಿದರು ಅಂತ ತಿಳಿಯುವಷ್ಟರಲ್ಲಿ ವಾಕ್ಯದ ತಲೆ ಮರೆತಿರುತ್ತದೆ. ಅದಕ್ಕೇ ಇದನ್ನು ಬಿಟ್ಟೆ.

ಕನ್ನಡಕ್ಕೇ ಸೇರಿದ ಎರಡು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯದು ಅಂಕಿಯ ಪಕ್ಕ ಅಂಕಿ. ಮದರಸಾ ಕಟ್ಟಿದ ವರ್ಷಕ್ಕೆ ಇಸ್ಲಾಮೀ ಪಂಚಾಂಗದಂತೆ ಹಿಜರಿ 877 ಅಂತ ಬರೆದು ಅಲ್ಲೇ ಗುರುತು ಹಾಕಿದರೆ, ಮೇಲೆ ಕೂತ ಚಿಕ್ಕ 4 ಕಣ್ಣಿಗೆ 8774 ಆಗಿ ಕಾಣುತ್ತದೆ. ಗಣಿತ ಓದುವ ಮಕ್ಕಳಿಗೆ ಅದು ಘಾತಾಂಕ. ‘1472ರಲ್ಲಿ’ ಅನ್ನುವಾಗ 1472ಕ್ಕೂ ‘ರಲ್ಲಿ’ಗೂ ನಡುವೆ ಗುರುತು ತೂರಿಸಿದರೆ ಪದವೇ ಎರಡಾಗುತ್ತದೆ. ಪ್ರತ್ಯಯ ಮುಗಿಯಲಿ, ವಾಕ್ಯ ಮುಗಿಯಲಿ, ಪೂರ್ಣವಿರಾಮ ಬೀಳಲಿ, ಆಮೇಲೆ ಖಾಲಿ ಜಾಗ ಬಿಡದೆ ಗುರುತು ಹಾಕಿ. ಹಿಜರಿ ವರ್ಷಕ್ಕೆ ಟಿಪ್ಪಣಿ ಬೇಕೇ ಬೇಕು. 877 ಅಂದರೆ 1472ರ ಜೂನ್‌ನಿಂದ 1473ರ ಮೇವರೆಗಿನ ಕಾಲ. ಒಂದೇ ಹಿಜರಿ ವರ್ಷ ಸಾಮಾನ್ಯವಾಗಿ ನಮ್ಮ ಎರಡು ವರ್ಷಗಳಲ್ಲಿ ಕಾಲಿಟ್ಟಿರುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಒಂದು ವರ್ಷ ಆಚೀಚೆ ಆಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಕಾಣದ ಅಕ್ಷರ. ‘ಗವಾನ್‌ನ’ ಅಂತ ಟೈಪ್ ಮಾಡುವಾಗ ಎರಡು ನಕಾರ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಅದೃಶ್ಯ ಗುರುತು ಕೂರುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ ಝಡ್‌ಡಬ್ಲ್ಯುಎನ್‌ಜೆ ಅಂತ ಹೆಸರು. ಟಿಪ್ಪಣಿಯ ಹೆಸರು ‘ಗವಾನ್’ ಅಂತ ಅರ್ಧಾಕ್ಷರದಲ್ಲಿ ಮುಗಿದು, ಅದರ ಕೊನೆಗೆ ಈ ಗುರುತು ಮೇಲೆ ಇದ್ದು ಕೆಳಗೆ ಇಲ್ಲದಿದ್ದರೆ ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕೊಂಡಿ ತಪ್ಪಿ ಚೌಕ ಕಂಸವೇ ಪುಟದಲ್ಲಿ ಅಚ್ಚಾಗುತ್ತದೆ. ಅದಕ್ಕೇ ಹೆಸರಿಗೆ ಅರ್ಧಾಕ್ಷರ ಇರುವ ಪದ ಬೇಡ ಅಂತ ನಿಯಮ ಮಾಡಿಕೊಂಡೆ. ಮದರಸಾ, ಕೋಟೆ, ಅಷ್ಟೂರು, ಬಿದ್ರಿ ಇಂಥವು ಸಾಕು.

ಬಿದ್ರಿ ಕಲೆಯ ಟಿಪ್ಪಣಿ ಉದ್ದವಾಯಿತು. ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಕಪ್ಪು ಬಣ್ಣ ತರಿಸುವುದು, ಇಷ್ಟನ್ನೂ ಬರೆಯಬೇಕಿತ್ತು. ಟಿಪ್ಪಣಿಯಲ್ಲಿ ಎರಡನೇ ಪ್ಯಾರಾ ಬೇಕಾದರೆ ಅದನ್ನು ನಾಲ್ಕು ಖಾಲಿ ಜಾಗ ಒಳಗೆ ಸರಿಸಿ ಬರೆಯಬೇಕು. ಆಗ ಅದೂ ಟಿಪ್ಪಣಿಗೇ ಸೇರುತ್ತದೆ. ಹಾಗೆ ಬರೆದು ನೋಡಿದೆ, ಸರಿಯಾಗಿಯೇ ಬಂತು. ಆದರೂ ಕಪ್ಪು ಬಣ್ಣದ ಸಂಗತಿ ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಇರುವಂಥದ್ದಲ್ಲ. ಮೇಲೆ ತಂದು ಮುಖ್ಯ ಬರಹಕ್ಕೇ ಸೇರಿಸಿದೆ.

ಒಂದೇ ಹೆಸರನ್ನು ಎರಡು ಕಡೆ ಕರೆದರೆ ಪ್ಯಾಂಡಾಕ್ ಆ ಟಿಪ್ಪಣಿಯನ್ನು ಎರಡು ನಂಬರಿನಲ್ಲಿ ಎರಡು ಸಲ ಅಚ್ಚು ಹಾಕುತ್ತದೆ. ಮೊದಲ ಸಲ ಮಾತ್ರ ಹಾಕಿದರೆ ಸಾಕು. ಅಧ್ಯಾಯಕ್ಕೊಂದು ಫೈಲು ಮಾಡಿದ್ದರೆ ಎರಡು ಫೈಲಿನಲ್ಲಿ ಒಂದೇ ಹೆಸರು ಬರದಂತೆ ನೋಡಿಕೊಳ್ಳಿ. ನಾನು ‘ಕೋಟೆ-ವರ್ಷ’, ‘ಅಷ್ಟೂರು-ವರ್ಷ’ ಅಂತ ಮುಂದೆ ಜಾಗದ ಹೆಸರು ಸೇರಿಸಿದೆ.

ಪ್ರೆಸ್‌ನವರು ವರ್ಡ್ ಫೈಲು ಕೇಳಿದರು. “ಸರ್, ಈ ನಂಬರೆಲ್ಲ ನಾವೇ ಕೂಡಿಸಬೇಕೇನ್ರಿ?” ಅಂತ ಅಲ್ಲಿನ ಡಿಟಿಪಿ ಹುಡುಗ ಗಾಬರಿಯಾದ. “ಬ್ಯಾಡ್ರಿ, ಫೈಲಿನಾಗೇ ಅವ” ಅಂದೆ. ಪ್ಯಾಂಡಾಕ್ ಕೊಡುವ ವರ್ಡ್ ಫೈಲಿನಲ್ಲಿ ನಿಜವಾದ ಅಡಿಟಿಪ್ಪಣಿಗಳೇ ಇರುತ್ತವೆ. ಪುಟ ಹಿಗ್ಗಿದರೂ ಕುಗ್ಗಿದರೂ ಅವು ತಮ್ಮ ಪುಟದ ಬುಡದಲ್ಲೇ ಇರುತ್ತವೆ. ವೆಬ್ ಪುಟಕ್ಕೆ ಬುಡ ಅನ್ನುವುದಿಲ್ಲ, ಹಾಗಾಗಿ ಅಲ್ಲಿ ಎಲ್ಲ ಕೊನೆಗೆ ಬಂದು, ಓದಿದ ಜಾಗಕ್ಕೆ ಮರಳಲು ಒಂದು ಬಾಣದ ಗುರುತು ಇರುತ್ತದೆ. ನೇರ ಪಿಡಿಎಫ್ ಬೇಕಾದರೆ ಪುಟ ಜೋಡಿಸುವ ಝೀಲೇಟೆಕ್ (XeLaTeX) ಎಂಬ ತಂತ್ರಾಂಶ ಆರಿಸಿ ನೋಟೊ ಸೆರಿಫ್ ಕನ್ನಡದಂಥ ಫಾಂಟ್ ಹೇಳಿಕೊಡಬೇಕು. ಸುಮ್ನೆ ಬಿಟ್ಟರೆ ಕನ್ನಡ ಬರುವುದಿಲ್ಲ.

ಬರೆದಿಟ್ಟ ಟಿಪ್ಪಣಿಯನ್ನು ಎಲ್ಲೂ ಕರೆಯದಿದ್ದರೆ ಪ್ಯಾಂಡಾಕ್ ತಾನೇ ಎಚ್ಚರಿಸುತ್ತದೆ. ಕರೆದ ಹೆಸರಿಗೆ ಟಿಪ್ಪಣಿ ಇಲ್ಲದಿದ್ದರೆ ಮಾತ್ರ ನಾವೇ ಹುಡುಕಬೇಕು. ತಯಾರಾದ ಕಡತದಲ್ಲಿ [^ ಅಂತ ಹುಡುಕುತ್ತೇನೆ. ಸಿಕ್ಕರೆ ಆ ಜೋಡಿ ಸರಿಮಾಡಿ ಮತ್ತೆ ಓಡಿಸುತ್ತೇನೆ, ಸಿಗದಿದ್ದರೆ ಫೈಲು ಪ್ರೆಸ್‌ಗೆ ಹೋಗುತ್ತದೆ.