ಗಲ್ಲಾದ ಪಕ್ಕದ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪ್ ಕಾಫಿ ಬಿದ್ದು ಹಾಳಾಯಿತು ಅಂತ ಎಲ್ಲರಿಗೂ ಹೇಳುತ್ತೇನೆ. ಪೂರ್ತಿ ನಿಜ ಅಲ್ಲ. ಕಾಫಿ ಬಿದ್ದದ್ದು ಹೌದು, ಹಾಳು ಮಾಡಿದ್ದು ನಾನು.

ನಾನು ಮುಂಬಯಿಯಲ್ಲಿ ಮೂರು ಉಡುಪಿ ಹೋಟೆಲ್‌ಗಳ ಲೆಕ್ಕ ಬರೆಯುವವನು. ಮನೆ ಡೊಂಬಿವಲಿಯಲ್ಲಿ, ಹೋಟೆಲ್‌ಗಳು ದಾದರ್, ಮಾಟುಂಗ ಕಡೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಗಲ್ಲಾದ ಪಕ್ಕ ಒಂದು ಮೂಲೆಯಲ್ಲಿ ಕೂತು ಬಿಲ್ಲುಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಏರಿಸುತ್ತೇನೆ. 2025ರ ಮೇ ತಿಂಗಳಲ್ಲಿ ಹಾಗೆ ಕೂತಿದ್ದಾಗ ಮೊಣಕೈ ತಾಗಿ ಲೋಟ ಮಗುಚಿತು. ಅರ್ಧ ಲೋಟ ಕಾಫಿ ಕೀಬೋರ್ಡಿನ ಮೇಲೆ. ಬಟ್ಟೆ ತಂದು ಒರೆಸಿದೆ. ಪರದೆ ಕಪ್ಪಾಗಿತ್ತು. ಜೀವ ಇದೆಯೋ ಇಲ್ಲವೋ ನೋಡಬೇಕು ಅನ್ನುವ ಆತುರದಲ್ಲಿ ಪವರ್ ಗುಂಡಿ ಒತ್ತಿದೆ. ಒಮ್ಮೆ ಹೊತ್ತಿಕೊಂಡಿತು. ಮತ್ತೆ ಹೊತ್ತಲಿಲ್ಲ.

ರಿಪೇರಿಯವರು ಬಿಚ್ಚಿ ತೋರಿಸಿದರು. ಬೋರ್ಡಿನ ಮೇಲೆ ಅಂಟಂಟಾದ ಕಂದು ಕಲೆ. ಒದ್ದೆ ಬೋರ್ಡಿಗೆ ಕರೆಂಟ್ ಹರಿಸಿದ್ದೇ ತಪ್ಪು ಅಂದರು. ಚೆಲ್ಲಿದ ಕೂಡಲೇ ಚಾರ್ಜರ್ ಕೀಳಬೇಕಿತ್ತು. ಪವರ್ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ, ಬೋರಲು ಹಾಕಿ, ಹಾಗೇ ಅವರಲ್ಲಿಗೆ ಒಯ್ಯಬೇಕಿತ್ತು. ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಅಂತ ಹೋಟೆಲಿನಲ್ಲಿ ನಾಲ್ಕು ಜನ ಹೇಳಿದ್ದರು. ಅಕ್ಕಿ ಸ್ವಲ್ಪ ನೀರು ಎಳೆದೀತು, ಸಕ್ಕರೆ ಮತ್ತು ಹಾಲನ್ನು ಎಳೆಯುತ್ತದೆಯೇ?

ರಿಪೇರಿಗೆ ದುಡ್ಡು ಹಾಕಲು ಮನಸ್ಸಾಗಲಿಲ್ಲ. ಅದು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನದು, ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇರಲಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೈಕ್ರೋಸಾಫ್ಟ್ ಆಗಲೇ ಹೇಳಿಯಾಗಿತ್ತು. ಜನರ ತೆರಿಗೆ ಲೆಕ್ಕ ಇರುವ ಯಂತ್ರ. ಸುರಕ್ಷತೆಯ ಅಪ್‌ಡೇಟ್ ಬಾರದ ಮೇಲೆ ಅದನ್ನು ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಪುಣ್ಯಕ್ಕೆ ಡಿಸ್ಕ್ ಉಳಿದಿತ್ತು. ಅದನ್ನು ತೆಗೆಸಿ ಯುಎಸ್‌ಬಿ ಕೇಸಿಗೆ ಹಾಕಿಸಿಕೊಂಡೆ.

ಹೊಸದಕ್ಕೆ ಗ್ರಾಂಟ್ ರೋಡಿಗೆ ಹೋದೆ. ಸ್ಟೇಷನ್ನಿಂದ ನಡೆಯುವಷ್ಟು ದೂರದಲ್ಲಿ ಲ್ಯಾಮಿಂಗ್ಟನ್ ರೋಡ್. ಅದರ ಹೆಸರು ಭಡಕಮ್‌ಕರ್ ಮಾರ್ಗ ಅಂತ ಬದಲಾಗಿ ಎಷ್ಟೋ ಕಾಲವಾಯಿತು, ಹೇಳುವವರು ಮಾತ್ರ ಹಳೆಯ ಹೆಸರನ್ನೇ ಹೇಳುತ್ತಾರೆ. ಒಂದು ಅಂಗಡಿಯಲ್ಲಿ ಬಿಲ್ ಬೇಡ ಅಂದರೆ ಇಷ್ಟು ಕಡಿಮೆ ಅಂದರು. ಲೆಕ್ಕ ಬರೆಯುವವನಿಗೇ ಈ ಮಾತು! ಲ್ಯಾಪ್‌ಟಾಪಿಗೆ 18 ಪರ್ಸೆಂಟ್ ಜಿಎಸ್‌ಟಿ, ಆಸೆಯಾಗುವುದು ಸಹಜ. ಆದರೆ ನಾಳೆ ವಾರಂಟಿ ಕೇಳಲು ಹೋದರೆ ಕೈಯಲ್ಲಿ ಏನಿರುತ್ತದೆ? ಪಕ್ಕದ ಅಂಗಡಿಗೆ ಹೋಗಿ ಬಿಲ್ ಹಾಕಿಸಿಯೇ ತೆಗೆದುಕೊಂಡೆ. ಡಬ್ಬದ ಮೇಲಿನ ಸೀರಿಯಲ್ ನಂಬರ್, ಯಂತ್ರದ ಅಡಿಯ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಅಂತ ಅಲ್ಲೇ ನಿಂತು ತಾಳೆ ನೋಡಿದೆ. ಅಂಗಡಿಯವರಿಗೆ ಸ್ವಲ್ಪ ಬೇಸರವಾಯಿತು. ಆಗಲಿ.

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಮನೆಗೆ ತಂದು ನೋಡಿದರೆ ಡಿಸ್ಕಿನಲ್ಲಿ 476 ಜಿಬಿ ಅಷ್ಟೇ ತೋರಿಸುತ್ತಿದೆ! ಮೋಸ ಹೋದೆ ಅಂದುಕೊಂಡು ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ.

"ಎಂತ ಮಾವ, ಅದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸ್ತದೆ."

ಕ್ಯಾಲ್ಕುಲೇಟರ್ ತೆಗೆದು 512ರ ಮುಂದೆ ಒಂಬತ್ತು ಸೊನ್ನೆ ಹಾಕಿ, 1024ರಿಂದ ಮೂರು ಸಲ ಭಾಗಿಸಿದೆ. 476.8 ಬಂತು. ತಾಳೆಯಾದ ಮೇಲೆ ನಿದ್ದೆ ಬಂತು.

ಅವನೇ ಇನ್ನೊಂದು ಮಾತು ಹೇಳಿದ್ದ. "ಮಾವ, ನೀವು ಪ್ರತಿ ಹೋಟೆಲಿಗೂ ಒಂದು ಖಾತೆ ಪುಸ್ತಕ ಇಡ್ತೀರಲ್ಲ, ಲ್ಯಾಪ್‌ಟಾಪಿಗೂ ಒಂದು ಇಡಿ." ತಮಾಷೆಗೆ ಹೇಳಿದ್ದೋ ಏನೋ, ನಾನು ನಿಜವಾಗಿಯೇ ಒಂದು ನೋಟ್‌ಬುಕ್ ಮಾಡಿದೆ. ಮೊದಲ ಪುಟದಲ್ಲಿ ಕೊಂಡ ತಾರೀಕು, ಸೀರಿಯಲ್ ನಂಬರ್, ವಾರಂಟಿ ಮುಗಿಯುವ ದಿನ. ಬಿಲ್ಲಿನ ಜೆರಾಕ್ಸ್ ಅಂಟಿಸಿದೆ. ಯಂತ್ರದ ಬಿಲ್ಲಿನ ಅಕ್ಷರ ದಿನ ಕಳೆದಂತೆ ಮಾಸುತ್ತದೆ ಅನ್ನುವುದು ಹೋಟೆಲಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು.

ಮೊದಲ ರಾತ್ರಿ ಟ್ಯಾಲಿ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಚಾರ್ಜರ್ ಸಿಕ್ಕಿಸಿ, ವಿಂಡೋಸ್ ಅಪ್‌ಡೇಟ್ ಬಿಟ್ಟೆ. ಮುಗಿಯಿತು ಅಂತ ರೀಸ್ಟಾರ್ಟ್ ಮಾಡಿದರೆ ಮತ್ತೆ ನಾಲ್ಕು ಅಪ್‌ಡೇಟ್ ಬರುತ್ತಿದ್ದವು. ಏನೂ ಉಳಿದಿಲ್ಲ ಅಂತ ತೋರಿಸುವವರೆಗೆ ಬಿಡಲಿಲ್ಲ. ಮಧ್ಯೆ ಮುಚ್ಚಳ ಮುಚ್ಚದೆ ಕಾಯುವುದೇ ಕಷ್ಟದ ಕೆಲಸ. ಆಮೇಲೆ ಕೇಳದೆ ಬಂದ ಸಾಮಾನು ತೆಗೆದೆ. ಕೆಲವು ಆಟಗಳು, ಒಂದು ತಿಂಗಳಿಗೆ ಮಾತ್ರ ಪುಕ್ಕಟೆ ಇರುವ ಆ್ಯಂಟಿವೈರಸ್. ವಿಂಡೋಸ್‌ನದೇ ಡಿಫೆಂಡರ್ ಇದೆ, ನನ್ನ ಕೆಲಸಕ್ಕೆ ಅದು ಸಾಕು. ಎರಡು ಕಾವಲುಗಾರರನ್ನು ಇಟ್ಟರೆ ಅವರೇ ಜಗಳ ಆಡುತ್ತಾರೆ.

ಈಗ ಮುಖ್ಯವಾದದ್ದು. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ವಿಂಡೋಸ್ 11 ಹೆಚ್ಚಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಹಾಕುತ್ತದೆ. ನಿಮ್ಮನ್ನು ಕೇಳುವುದಿಲ್ಲ. ಕಳ್ಳ ಡಿಸ್ಕ್ ಕಿತ್ತುಕೊಂಡು ಹೋದರೂ ಓದಲಾಗುವುದಿಲ್ಲ, ಒಳ್ಳೆಯದೇ. ಆದರೆ ಆ ಬೀಗಕ್ಕೆ 48 ಅಂಕಿಯ ಒಂದು ರಿಕವರಿ ಕೀ ಇರುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೂತಿರುತ್ತದೆ. ಆ ಖಾತೆಯ ಪಾಸ್‌ವರ್ಡ್ ಮರೆತರೆ, ಫೋನ್ ನಂಬರ್ ಬದಲಾದರೆ, ನಿಮ್ಮ ಮನೆಗೆ ನೀವೇ ಹೊರಗಿನವರು. ನಾನು ಖಾತೆ ತೆರೆದು ನೋಡಿ, ಆರಾರು ಅಂಕಿಯ ಎಂಟು ಗುಂಪುಗಳನ್ನು, ಜೊತೆಗೆ ಕೀಯ ಗುರುತಿನ ಅಕ್ಷರಗಳನ್ನು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದೆ. ಹೆಂಡತಿ ಓದಿ ಸರಿಯಿದೆಯಾ ನೋಡಿದಳು. ನೋಟ್‌ಬುಕ್ ಕಪಾಟಿನಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ತೂಗು ಹಾಕಿದ ಹಾಗೆ.

ಎರಡನೇ ದಿನ ಟ್ಯಾಲಿ. ಲೈಸೆನ್ಸನ್ನು ಹಳೆಯ ಯಂತ್ರದಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಚಾಲೂ ಮಾಡಬೇಕು. ಹಳೆಯದು ಸತ್ತಿದ್ದರಿಂದ ರೀಸೆಟ್ ಮಾಡಿಸಿಕೊಂಡೆ, ಅರ್ಧ ದಿನ ಹೋಯಿತು. ಹೊಸ ಲ್ಯಾಪ್‌ಟಾಪ್ ತಂದ ಖುಷಿಯಲ್ಲಿ ಹಳೆಯದನ್ನು ಅದೇ ದಿನ ಯಾರಿಗೋ ಕೊಟ್ಟುಬಿಡುವವರು ಇದನ್ನು ನೆನಪಿಡಿ.

ಕನ್ನಡದ ಕತೆ ಸ್ವಲ್ಪ ದೊಡ್ಡದು. ವಿಂಡೋಸ್‌ನ ಭಾಷೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಅದಲುಬದಲು. ಆದರೆ ಅದರಲ್ಲಿ ಸಿಗುವುದು ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಅನ್ನುವ ಕೀಲಿ ವಿನ್ಯಾಸಗಳು. ನನ್ನ ಬೆರಳಿಗೆ ಬರುವುದು ಕೆ.ಪಿ. ರಾಯರ ವಿನ್ಯಾಸ, ಅಂದರೆ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನದು. ಕಿನ್ನಿಕಂಬಳ ಪದ್ಮನಾಭ ರಾಯರು ನಮ್ಮ ಕರಾವಳಿಯವರೇ. ಅದಕ್ಕೆ ನುಡಿಯನ್ನೇ ಹಾಕಿಕೊಂಡೆ. ನಮ್ಮ ಸಂಘದ ಹಳೆಯ ಸಭೆಗಳ ವರದಿ ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳನ್ನು ಮಿಕ್ಸಿಗೆ ಹಾಕಿದ ಹಾಗಿತ್ತು. ಅವು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಅಕ್ಷರವನ್ನು ಒಂದೇ ಥರ ಓದುವ ಪದ್ಧತಿ, ಬರುವ ಮುಂಚಿನ ಕಾಲದ ಫಾಂಟಿನಲ್ಲಿ ಹೊಡೆದವು. ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ, ಇನ್ನೊಬ್ಬರಿಗೆ ಕಳಿಸಿದರೆ ಮತ್ತೆ ಮಿಕ್ಸಿ. ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಒಂದೆರಡು ಒತ್ತಕ್ಷರ ಕೆಟ್ಟವು, ಕೈಯಲ್ಲಿ ತಿದ್ದಿದೆ.

ಬ್ಯಾಟರಿಯ ವಿಷಯದಲ್ಲಿ ಅಂಗಡಿಯವರು "ಮೊದಲು ಎಂಟು ಗಂಟೆ ಚಾರ್ಜ್ ಮಾಡಿ" ಅಂದಿದ್ದರು. ಅದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಪಾಠ. ಈಗಿನದು ಲಿಥಿಯಂ ಅಯಾನ್, ಅದಕ್ಕೆ ಈ ವ್ರತ ಬೇಕಿಲ್ಲ. ಅದಕ್ಕೆ ಆಗದ್ದು ಎರಡು: ಬಿಸಿ, ಮತ್ತು ಸದಾ 100ರಲ್ಲಿ ನಿಲ್ಲುವುದು. ನಾನು ಹೆಚ್ಚು ಹೊತ್ತು ಚಾರ್ಜರ್ ಹಾಕಿಯೇ ಕೆಲಸ ಮಾಡುವವನು. ಕಂಪನಿಯ ಆ್ಯಪ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇತ್ತು, ಹಾಕಿಬಿಟ್ಟೆ. ಊರಿಗೆ ಹೋಗುವಾಗ ಮಾತ್ರ 100 ಮಾಡುತ್ತೇನೆ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡುವುದು ಬಿಟ್ಟಿದ್ದೇನೆ, ಅಡಿಯ ಗಾಳಿ ಕಿಂಡಿ ಮುಚ್ಚಿ ಫ್ಯಾನ್ ಕಿರುಚುತ್ತದೆ.

ಒಂದು ವಾರ ಆದ ಮೇಲೆ ಒಂದು ಹೋಟೆಲಿನಲ್ಲಿ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನತೊಡಗಿತು. ಮನೆಯಲ್ಲಿ ಹಾಗೆ ಆಗುತ್ತಿರಲಿಲ್ಲ. ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ವಾಯರ್‌ಮನ್ ಬಂದು ನೋಡಿ ನಕ್ಕ. ಚಾರ್ಜರಿನ ಮೂರು ಪಿನ್ನಿಗೆ ನಾನು ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೆ. ಚಾರ್ಜರಿನ ಒಳಗಿನ ಕೆಪಾಸಿಟರ್ ಮೂಲಕ ಒಂದು ಚೂರು ಕರೆಂಟ್ ಸೋರುತ್ತದೆ, ಅದು ಅರ್ಥ್ ಪಿನ್ನಿನಲ್ಲಿ ಇಳಿದು ಹೋಗಬೇಕು. ದಾರಿ ಇಲ್ಲದಿದ್ದರೆ ನಮ್ಮ ಬೆರಳನ್ನು ಹಿಡಿಯುತ್ತದೆ. ಕನ್ವರ್ಟರ್ ಕಿತ್ತು ಮೂರು ಪಿನ್ನಿನ ಸಾಕೆಟ್ ಹಾಕಿಸಿದೆವು. ಆಗಲೂ ನಿಲ್ಲಲಿಲ್ಲ! ಸಾಕೆಟ್ಟಿನ ಹಿಂದೆ ಅರ್ಥ್ ತಂತಿಯೇ ಇರಲಿಲ್ಲ, ಹಳೆಯ ಬಿಲ್ಡಿಂಗ್. ಶೆಟ್ರು ಗೊಣಗಿಕೊಂಡೇ ಹೊಸ ತಂತಿ ಎಳೆಸಿದರು. ಅದೇ ಗೋಡೆಗೆ ಹೊಂದಿ ಗ್ರೈಂಡರ್ ಇತ್ತು. ನನ್ನ ಬೆರಳಿಗಿಂತ ಹೆಚ್ಚು ಅಪಾಯ ಇದ್ದದ್ದು ಅದನ್ನು ತೊಳೆಯುವ ಹುಡುಗರಿಗೆ.

ಮುಂಬಯಿಗೆ ಮಳೆ ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ. ಅಷ್ಟರಲ್ಲಿ ಒಳ್ಳೆಯ ಬ್ಯಾಗ್ ತಗೊಂಡರೆ ಆಯಿತು ಅಂದುಕೊಂಡಿದ್ದೆ. ಆ ವರ್ಷ ಮೇ 26ಕ್ಕೇ ಮುಂಗಾರು ಬಂದುಬಿಟ್ಟಿತು. ಆ ದಿನ ದಾದರಿನಲ್ಲಿ ಇಳಿದಾಗ ನನ್ನ ಕೈಯಲ್ಲಿದ್ದದ್ದು ಬಟ್ಟೆಯ ಬ್ಯಾಗ್. ಹೋಟೆಲಿನಿಂದ ಪಾರ್ಸೆಲ್ಲಿಗೆ ಇಟ್ಟ ದೊಡ್ಡ ಪ್ಲಾಸ್ಟಿಕ್ ಚೀಲ ಮಡಚಿ ಒಳಗಿಟ್ಟಿದ್ದೆ, ಅದರಲ್ಲಿ ಸುತ್ತಿ ಉಳಿಸಿಕೊಂಡೆ. ಈಗಲೂ ಬ್ಯಾಗಿನಲ್ಲಿ ಆ ಥರದ ಚೀಲ ಒಂದು ಇರುತ್ತದೆ.

ಲೋಕಲ್‌ನಲ್ಲಿ ಬ್ಯಾಗ್ ಬೆನ್ನಿಗಲ್ಲ, ಎದೆಗೆ. ಇದು ಡೊಂಬಿವಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಚಾರ್ಜರಿನ ಗಟ್ಟಿ ಡಬ್ಬಿಯನ್ನು ಲ್ಯಾಪ್‌ಟಾಪ್ ಇರುವ ಖಾನೆಯಲ್ಲೇ ತುರುಕಬೇಡಿ. ಎಂಟೂವರೆಯ ಗಾಡಿಯಲ್ಲಿ ನಾಲ್ಕು ಜನ ಒತ್ತಿದರೆ ಅದು ಪರದೆಗೆ ಒತ್ತುತ್ತದೆ. ಸ್ಟೀಲ್ ಟಿಫಿನ್ನಿಗೂ ಇದೇ ಮಾತು. ಎಸಿ ಲೋಕಲ್‌ನಲ್ಲಿ ಬಂದ ದಿನ ಲ್ಯಾಪ್‌ಟಾಪನ್ನು ಕೂಡಲೇ ತೆರೆಯುವುದಿಲ್ಲ. ತಣ್ಣಗಿನ ಲೋಹಕ್ಕೆ ಹೊರಗಿನ ತೇವದ ಗಾಳಿ ತಾಗಿದರೆ ಕನ್ನಡಕದ ಹಾಗೆ ಬೆವರುತ್ತದೆ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಡುತ್ತೇನೆ, ಅಷ್ಟರಲ್ಲಿ ಶೆಟ್ರ ಜೊತೆ ಮಾತು ಮುಗಿಯುತ್ತದೆ.

ಜುಲೈ, ಆಗಸ್ಟಿನಲ್ಲಿ ನಮ್ಮ ಮನೆಯ ಚಪ್ಪಲಿಗೂ ಬೂಷ್ಟು ಬರುತ್ತದೆ. ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಮುಚ್ಚಿಡದೆ ದಿನಾ ಸ್ವಲ್ಪ ಹೊತ್ತಾದರೂ ಚಾಲೂ ಮಾಡುತ್ತೇನೆ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು. ಹೋಟೆಲಿನಲ್ಲಿ ರಾತ್ರಿ ಬಿಟ್ಟು ಬರುವುದಿಲ್ಲ. ಬೆಚ್ಚಗಿನ ಕಿಂಡಿ ಜಿರಲೆಗೆ ಬಲು ಇಷ್ಟ. ಹೇಗೆ ಗೊತ್ತು ಅಂತ ಕೇಳಬೇಡಿ, ಬಿಲ್ಲಿಂಗ್ ಯಂತ್ರ ಬಿಚ್ಚಿದ್ದನ್ನು ನಾನು ನೋಡಿದ್ದೇನೆ.

ನೋಟ್‌ಬುಕ್ ಉಪಯೋಗಕ್ಕೆ ಬಂದದ್ದು ಜುಲೈ 19ರ ರಾತ್ರಿ. ಮರುದಿನ 20, ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. ಸಂಜೆ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ, ಅದರ ಯಾವುದೋ ಅಪ್‌ಡೇಟ್ ಬಂತು, ಒಪ್ಪಿಕೊಂಡೆ. ರೀಸ್ಟಾರ್ಟ್ ಆದದ್ದು ನೀಲಿ ಪರದೆಗೆ. ರಿಕವರಿ ಕೀ ಕೊಡು ಅಂತ ಕೇಳುತ್ತಿದೆ. ಕೈ ತಣ್ಣಗಾಯಿತು. ಅಪ್‌ಡೇಟಿನಲ್ಲಿ ಯಂತ್ರದ ಒಳಗಿನ ಗುರುತು ಬದಲಾದರೆ ಬೀಗಕ್ಕೆ ಅನುಮಾನ ಬರುತ್ತದೆ ಅಂತ ಆಮೇಲೆ ತಿಳಿಯಿತು. ಹೆಂಡತಿ ಕಪಾಟಿನಿಂದ ನೋಟ್‌ಬುಕ್ ತಂದು ಮೊದಲು ಕೀಯ ಗುರುತಿನ ಅಕ್ಷರಗಳು ಪರದೆಯಲ್ಲಿದ್ದದ್ದೇ ಅಂತ ನೋಡಿದಳು. ಆಮೇಲೆ ಆರಾರು ಅಂಕಿ ಓದಿ ಹೇಳಿದಳು, ನಾನು ಒತ್ತಿದೆ. ಐದನೇ ಗುಂಪಿನಲ್ಲಿ ಒಂದು ತಪ್ಪಿತು. ಮತ್ತೆ ಹೊಡೆದೆ. ತೆರೆಯಿತು. ಈಗ ತಿಂಗಳ 15ರಿಂದ 20ರವರೆಗೆ ಯಾವ ಅಪ್‌ಡೇಟಿಗೂ ಕೈ ಹಾಕುವುದಿಲ್ಲ, ಒಂದು ವಾರ ಮುಂದೂಡುವ ಗುಂಡಿ ಇದೆ.

ಬ್ಯಾಕಪ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ನಾನು ಕುರ್ಲಾದಲ್ಲಿ ನೆಲಮಹಡಿಯ ಖೋಲಿಯಲ್ಲಿದ್ದೆ. ಮೂರು ವರ್ಷದ ಲೆಕ್ಕದ ಪುಸ್ತಕಗಳು ನೀರಿನಲ್ಲಿ ಕರಗಿದ ರೊಟ್ಟಿಯ ಹಾಗೆ ಆಗಿದ್ದವು. ಒಣಗಿಸಿದೆವು, ಶಾಯಿ ಉಳಿಯಲಿಲ್ಲ. ಈಗ ಪ್ರತಿ ಭಾನುವಾರ ಟ್ಯಾಲಿಯ ಬ್ಯಾಕಪ್ ಎರಡು ಡ್ರೈವಿಗೆ ಹೋಗುತ್ತದೆ. ಒಂದು ಮನೆಯಲ್ಲಿ, ಇನ್ನೊಂದು ಮಾಟುಂಗದ ಶೆಟ್ರ ಮೊದಲ ಮಹಡಿಯ ತಿಜೋರಿಯಲ್ಲಿ. ತಿಂಗಳಿಗೊಮ್ಮೆ ಒಂದನ್ನು ತೆರೆದು, ಫೈಲ್ ನಿಜವಾಗಿ ಓದಲು ಬರುತ್ತದೆಯಾ ನೋಡುತ್ತೇನೆ.

ಕಾಫಿ ಬಿಟ್ಟಿಲ್ಲ. ಹೋಟೆಲಿನಲ್ಲಿ ಕೂತು ಬಿಡಲು ಸಾಧ್ಯವೇ? ಮೇಜಿನಿಂದ ಎರಡು ಹೆಜ್ಜೆ ದೂರ ಒಂದು ಸ್ಟೂಲ್ ಹಾಕಿಸಿದ್ದೇನೆ. ಹುಡುಗ ಬಂದು "ರಾಯರೇ, ಸ್ಟೂಲಿಗೆ ಇಟ್ಟಿದ್ದೇನೆ" ಅನ್ನುತ್ತಾನೆ. ಕೈಯಲ್ಲಿದ್ದ ಬಿಲ್ಲುಗಳ ಕಂತೆ ಮುಗಿಸಿ ಎದ್ದು ಹೋಗುತ್ತೇನೆ. ಹೆಚ್ಚಿನ ದಿನ ಕೆನೆ ಕಟ್ಟಿರುತ್ತದೆ.