ಹಳೆಯ ಎಲೆಕ್-ಟ್ರ್ಯಾಕ್ ಚಾರ್ಜರ್ ಎಸೆಯುವ ಮುನ್ನ

1970ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ತಯಾರಿಸಿದ ಎಲೆಕ್-ಟ್ರ್ಯಾಕ್ ತೋಟದ ಟ್ರ್ಯಾಕ್ಟರುಗಳು 36 ವೋಲ್ಟಿನವು. ಸಾಮಾನ್ಯವಾಗಿ 6 ವೋಲ್ಟಿನ ಆರು ಲೆಡ್-ಆಸಿಡ್ ಬ್ಯಾಟರಿ ಸರಣಿಯಲ್ಲಿರುತ್ತವೆ. ಇವುಗಳ ಚಾರ್ಜರ್ ಫೆರೋರೆಸೊನೆಂಟ್ ಬಗೆಯದು, ಅಂದರೆ ಟ್ರಾನ್ಸ್‌ಫಾರ್ಮರ್-ಕೆಪಾಸಿಟರ್ ಜೋಡಿಯೇ ವೋಲ್ಟೇಜನ್ನು ಹತೋಟಿಯಲ್ಲಿಡುತ್ತದೆ. ಅದರಲ್ಲಿ ಭಾರೀ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಎಸಿಯನ್ನು ಡಿಸಿ ಮಾಡುವ ಡಯೋಡ್, ಟೈಮರ್ ಬಿಟ್ಟರೆ ಹೆಚ್ಚೇನಿಲ್ಲ. ಟ್ರಾನ್ಸ್‌ಫಾರ್ಮರ್ ಸುಡುವುದು ಅಪರೂಪ. ಕೈಕೊಡುವುದು ಉಳಿದ ಮೂರು.

ಮೊದಲು ಬ್ಯಾಟರಿ ನೋಡಿ. ಚಾರ್ಜಾಗಿ ಕೆಲವು ತಾಸು ಸುಮ್ಮನಿದ್ದ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸಬೇಕು. ಒಂದೇ ಒಂದು 4.2ರ ಆಸುಪಾಸಿನಲ್ಲೇ ನಿಂತಿದ್ದರೆ ಅದರ ಮೂರು ಸೆಲ್‌ಗಳಲ್ಲೊಂದು ಸತ್ತಿದೆ, ಚಾರ್ಜರ್ ತಪ್ಪಿಲ್ಲ.

ಬ್ಯಾಟರಿಗಳು ಸರಿಯಿದ್ದೂ ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೆ, ಚಾರ್ಜರ್ ಇನ್ನೂ ನಡೆಯುತ್ತಿರುವಾಗಲೇ ಅಳೆದ ಒಟ್ಟು ವೋಲ್ಟೇಜ್ 40 ದಾಟದಿದ್ದರೆ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಚಾರ್ಜಿನ ಕೊನೆಯಲ್ಲಿ ಅದು 44–46 ವೋಲ್ಟಿಗೆ ಏರಬೇಕು. ಪ್ಲಗ್ ತೆಗೆದು ಬ್ಯಾಟರಿ ವೈರ್ ಬಿಡಿಸಿ. ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಬರಿಗೈಯಲ್ಲಿ ಮುಟ್ಟಲೇಬೇಡಿ. ಇನ್ಸುಲೇಟೆಡ್ ಕ್ಲಿಪ್ಪಿರುವ 20 ಕಿಲೋಓಮ್, 5 ವ್ಯಾಟ್ ವೈರ್‌ವೌಂಡ್ ರೆಸಿಸ್ಟರನ್ನು ಎರಡೂ ಟರ್ಮಿನಲ್‌ಗೆ ಹತ್ತು ಸೆಕೆಂಡು ಹಿಡಿದು, ಸೊನ್ನೆ ಬಂತೆಂದು ಮೀಟರಿನಲ್ಲಿ ನೋಡಿಕೊಳ್ಳಿ. ಡಬ್ಬಿ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಅಥವಾ ಅಳತೆ ಬರೆದಿರುವ ಮೈಕ್ರೋಫ್ಯಾರಡ್‌ಗಿಂತ ಶೇ. 10ರಷ್ಟು ಕಡಿಮೆಯಿದ್ದರೆ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ಎಸಿ ವೋಲ್ಟ್ ರೇಟಿಂಗ್ ಅಷ್ಟೇ ಅಥವಾ ಹೆಚ್ಚಿರಲಿ. ಮೋಟಾರ್ ಸ್ಟಾರ್ಟ್ ಕೆಪಾಸಿಟರ್ ಹಾಕಬೇಡಿ: ಅದು ಕೆಲವೇ ಸೆಕೆಂಡಿನ ಕೆಲಸಕ್ಕೆ ಮಾಡಿದ್ದು, ಇಲ್ಲಿ ಗಂಟೆಗಟ್ಟಲೆಯ ಕೆಲಸ ತಾಳಲಾರದೆ ಸಿಡಿಯುತ್ತದೆ. 1979ರಲ್ಲಿ ಅಮೆರಿಕ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷಕಾರಿ ರಾಸಾಯನಿಕದ ತಯಾರಿಕೆ ನಿಷೇಧಿಸುವ ಮುಂಚಿನ ಡಬ್ಬಿಗಳ ಎಣ್ಣೆಯಲ್ಲಿ ಆ ವಿಷ ಇರಬಹುದು. ಹಾಗಾಗಿ ಹಳೆಯದನ್ನು ಚುಚ್ಚದೆ, ಗುಜರಿಗೆ ಹಾಕದೆ, ಅಪಾಯಕಾರಿ ತ್ಯಾಜ್ಯ ಪಡೆಯುವಲ್ಲಿಗೇ ಕೊಡಿ.

ಪ್ಲಗ್ ಹಾಕಿದ ಕೂಡಲೇ ಜೋರಾಗಿ ಗುಂಯ್‌ಗುಟ್ಟಿ ಫ್ಯೂಸ್ ಹೋದರೆ ಡಯೋಡ್ ಶಾರ್ಟ್ ಆಗಿರುವ ಸಂಭವ ಹೆಚ್ಚು. ಒಂದು ಡಯೋಡ್ ಓಪನ್ ಆಗಿದ್ದರೆ, ಅಂದರೆ ಒಳಗೇ ಕಡಿದಿದ್ದರೆ, ಆಂಪಿಯರ್ ಮಾತ್ರ ಬಹಳ ಇಳಿದಿರುತ್ತದೆ. ವೈರ್ ಬಿಡಿಸಿ ಮೀಟರಿನ ಡಯೋಡ್ ಗುರುತಿನಲ್ಲಿ ಅಳೆಯಿರಿ. ಒಂದು ಕಡೆ 0.4ರಿಂದ 0.7 ವೋಲ್ಟ್, ತಿರುಗಿಸಿದರೆ ಏನೂ ಬರಬಾರದು. ಹೊಸದು ಹಾಕುವಾಗ ಪೊಲಾರಿಟಿ ಹೊಂದಿಸಿ, ಬುಡಕ್ಕೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಹಚ್ಚಿ.

ಟೈಮರ್ ಅಂಟಿಕೊಂಡರೆ ಚಾರ್ಜ್ ನಿಲ್ಲುವುದೇ ಇಲ್ಲ, ನೀರು ಕುದಿದು ಹೋಗಿ ಪ್ಲೇಟು ಬಯಲಾಗುತ್ತದೆ. ಡಯಲ್ ತಿರುಗಿಸಿ ಒಂದು ಗಂಟೆಗಿಟ್ಟು, ಹೊತ್ತಿಗೆ ಸರಿಯಾಗಿ ಕರೆಂಟ್ ಕಡಿಯುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿ.

ಇಷ್ಟೆಲ್ಲದರ ಬಾಳಿಕೆ ಕಡಿಮೆ ಮಾಡುವುದು ಬ್ಯಾಟರಿಯ ಆಸಿಡ್ ಆವಿ. ಹಸಿರು ಪುಡಿ ಕಟ್ಟಿದ ಟರ್ಮಿನಲ್ ಬಿಸಿಯಾಗಿ ವೈರಿನ ತುದಿಯನ್ನೇ ಸುಡುತ್ತದೆ. ಲೀಟರ್ ನೀರಿಗೆ ನಾಲ್ಕು ಚಮಚ ಅಡುಗೆ ಸೋಡಾ ಬೆರೆಸಿ ಒರೆಸಿ, ಸೆಲ್ ಒಳಗೆ ಒಂದು ಹನಿಯೂ ಬೀಳದಂತೆ. ಒಣಗಿದ ಮೇಲೆ ವ್ಯಾಸಲೀನ್ ಸವರಿ. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ನಂತರ ತುಂಬಿಸಿ. ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಇದೇ ಟರ್ಮಿನಲ್‌ಗಳ ಮೇಲೆ ಹರಿಯುತ್ತದೆ.

ಈ ಚಾರ್ಜರ್ 120 ವೋಲ್ಟ್, 60 ಹರ್ಟ್ಸಿಗೆ ಹೊಂದಿಸಿದ್ದು. ಭಾರತಕ್ಕೆ ತಂದವರು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಇಲ್ಲಿನ 50 ಹರ್ಟ್ಸ್ ಬದಲಾಗದು, ಔಟ್‌ಪುಟ್ ಸಾಕಷ್ಟು ಇಳಿಯುತ್ತದೆ. ಅಂಥವರು 36 ವೋಲ್ಟಿನ ಹೊಸ ಲೆಡ್-ಆಸಿಡ್ ಚಾರ್ಜರ್ ಕೊಳ್ಳುವುದೇ ಸರಿ.